ಸುದ್ದಿ ಯಾರ ಬಾಯಿಂದ

ಬಿಷ್ಕೆಕ್‌ನ ಆ ಹೊಲಿಗೆ ಕಾರ್ಖಾನೆಯಲ್ಲಿ ಬುರುಲ್ಚಾ ಸಿಬ್ಬಂದಿ ವಿಭಾಗದ ಮುಖ್ಯಸ್ಥೆ. ಅದು ಬಾಗಿಲ ಮೇಲೆ ಬರೆದಿದ್ದ ಮಾತು. ಅವಳು ತನ್ನದೆಂದುಕೊಂಡಿದ್ದ ಕೆಲಸವೇ ಬೇರೆ. ಒಳ್ಳೆಯ ಸುದ್ದಿ ಏನೇ ಇರಲಿ, ಅದನ್ನು ಮೊದಲು ಹೊತ್ತು ತರುವವಳು ಅವಳು. ಯಾರಿಗೆ ಮೊಮ್ಮಗ ಹುಟ್ಟಿದ, ಯಾರ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಯಾವ ದೇಶದಿಂದ ಕೋಟುಗಳಿಗೆ ಬೇಡಿಕೆ ಬಂತು, ಎಲ್ಲವೂ ಅವಳ ಕಿವಿಗೆ ಬಿದ್ದ ಮೇಲೆಯೇ ಉಳಿದವರಿಗೆ. ಹೊಲಿಗೆ ಹಾಲಿನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು "ಸುಯುಂಚು" ಎಂದು ಕೂಗಿದಳೆಂದರೆ ಯಂತ್ರಗಳೆಲ್ಲ ನಿಲ್ಲಬೇಕು. ಹಾಗೆ ಕೂಗಿದವರ ಕೈಗೆ ಏನಾದರೊಂದು ಉಡುಗೊರೆ ಇಡದೆ ಸುದ್ದಿ ಕೇಳುವಂತಿಲ್ಲ, ಅದು ತಾತಂದಿರ ಕಾಲದ ಕಟ್ಟಳೆ. ಶಾಲು, ಸಿಹಿ, ಬಳೆ, ಒಮ್ಮೆ ಜೀವಂತ ಕುರಿಮರಿ, ಹೀಗೆ ಏನೇನೋ ಅವಳ ಕೈ ಸೇರಿದ್ದವು. ವಸ್ತುವಿನ ಆಸೆ ಅವಳಿಗಿರಲಿಲ್ಲ. ಬಾಗಿಲಲ್ಲಿ ನಿಂತಾಗ ಅಷ್ಟೂ ಮುಖಗಳು ತನ್ನ ಕಡೆ ತಿರುಗುತ್ತವಲ್ಲ, ಅದರ ರುಚಿ ಹತ್ತಿತ್ತು.

ಆ ರುಚಿಗೆ ಕಲ್ಲು ಬಿದ್ದದ್ದು ಕಚೇರಿಯ ಆ್ಯಪಿನ ಹೊಸ ಆವೃತ್ತಿ ಬಂದಾಗ. ಹಳೆಯ ಗ್ರೂಪು ಸಂತೆಯಿದ್ದ ಹಾಗಿತ್ತು. ಯಾರು ಬೇಕಾದರೂ ಏನು ಬೇಕಾದರೂ ಹಾಕುತ್ತಿದ್ದರು. ಹೊಸದರಲ್ಲಿ ಹಾಗಿಲ್ಲ ಎಂದು ಬೇಗಿಮಾಯ್ ಎಲ್ಲರನ್ನೂ ಕೂರಿಸಿ ಗೋಡೆಯ ಪರದೆಯ ಮೇಲೆ ತೋರಿಸಿದಳು. ಬೇಗಿಮಾಯ್ ಎಂದರೆ ಮಾರಾಟ ವಿಭಾಗದ ಹುಡುಗಿ, ನಾರಿನ್ ಕಡೆಯವಳು, ನಿನ್ನೆ ಮೊನ್ನೆ ಬಂದವಳು. ಮಾಲೀಕ ಒಮುರ್ಬೆಕ್ ಅವಳನ್ನೇ ಅಡ್ಮಿನ್ ಮಾಡಿದ್ದ.

"ಪ್ರಕಟಣೆ ಗ್ರೂಪಲ್ಲಿ ಇನ್ಮೇಲೆ ಅಡ್ಮಿನ್ ಮಾತ್ರ ಬರೀಬಹುದು. ಬೇರೆ ಗ್ರೂಪಲ್ಲಿ ನೀವು ಏನೇ ಬರೆದ್ರೂ ಮೊದ್ಲು ನನ್ ಹತ್ರ ಬಂದು ನಿಲ್ಲುತ್ತೆ. ನಾನು ಸರಿ ಅಂತ ಒತ್ತಿದ್ಮೇಲೆ ಎಲ್ರಿಗೂ ಕಾಣುತ್ತೆ. ಯಾರು ಓದಿದ್ರು, ಯಾರು ಓದ್ಲಿಲ್ಲ, ಅದೂ ಗೊತ್ತಾಗುತ್ತೆ."

"ಯಾಕಮ್ಮ, ನಾವೇನು ಕಳ್ಳರಾ?" ಎಂದಳು ಬುರುಲ್ಚಾ.

"ಹಾಗಲ್ಲ ಅಕ್ಕ. ಕೆಲಸದ ಗ್ರೂಪಲ್ಲಿ ಕುರಿ ಮಾರೋಕಿದೆ ಅಂತ ಫೋಟೋ ಹಾಕ್ತಾರಲ್ಲ, ಅಂಥವ್ರಿಗೆ."

ಎಲ್ಲರೂ ನಕ್ಕರು. ಆ ಕುರಿ ಬುರುಲ್ಚಾಳ ಮೈದುನನದು, ಫೋಟೋ ಹಾಕಿದವಳು ಅವಳೇ. ಅವಳೂ ನಗಬೇಕಾಯಿತು, ಆದರೆ ಹಲ್ಲು ಮಾತ್ರ ನಕ್ಕಿತು.

"ಇನ್ನೊಂದು," ಎಂದು ಬೇಗಿಮಾಯ್ ಮುಂದುವರಿಸಿದಳು. "ಯಾರಾದ್ರೂ ಕೆಲಸ ಬಿಟ್ರೆ, ಇಲ್ಲ ಫೋನ್ ಕಳ್ಕೊಂಡ್ರೆ, ಅವ್ರ ಹೆಸರಿನ ಮುಂದೆ ಇಲ್ಲಿ ಒತ್ತಿದ್ರೆ ಸಾಕು, ಖಾತೆಗೆ ಬೀಗ. ಕಂಪನಿ ಕೊಟ್ಟ ಫೋನಾಗಿದ್ರೆ ಅದೂ ಕಲ್ಲಾಗುತ್ತೆ. ನಂದೇ ತಗೊಳ್ಳಿ, ನಂಗಿರೋದು ಇದೊಂದೇ ಫೋನು, ಮನೇದೂ ಇದೇ, ಕಚೇರೀದೂ ಇದೇ. ನಾನೇನಾದ್ರೂ ತಪ್ಪು ಮಾಡಿದ್ರೆ ನಮ್ಮಮ್ಮಂಗೂ ಫೋನ್ ಮಾಡೋಕಾಗಲ್ಲ."

ಮತ್ತೆ ನಗು. ಹುಡುಗಿಗೆ ಜನರನ್ನು ನಗಿಸುವುದು ಸಲೀಸಾಗಿ ಬರುತ್ತಿತ್ತು. ಬುರುಲ್ಚಾ ಇಷ್ಟು ವರ್ಷ ದುಡಿದು ಕಲಿತದ್ದನ್ನು ಇವಳು ಹುಟ್ಟುವಾಗಲೇ ಗಂಟು ಕಟ್ಟಿಕೊಂಡು ಬಂದಿದ್ದಳು.

ಅದಾದ ಸ್ವಲ್ಪ ದಿನಕ್ಕೆ ಅಲ್ಮಾಟಿಯ ದೊಡ್ಡ ಅಂಗಡಿಯವರು ಚಳಿಗಾಲದ ಕೋಟುಗಳಿಗೆ ಒಪ್ಪಂದ ಮಾಡಿಕೊಂಡರು. ವರ್ಷವೆಲ್ಲ ಕಾದಿದ್ದ ಸುದ್ದಿ. ಒಮುರ್ಬೆಕ್ ಫೋನಿನಲ್ಲಿ "ಆಯ್ತು, ಕೈ ಕುಲುಕೋಣ" ಎಂದದ್ದು ಪಕ್ಕದ ಕೋಣೆಯಲ್ಲಿದ್ದ ಬುರುಲ್ಚಾಗೆ ಕೇಳಿಸಿತು. ಅವಳು ಕುರ್ಚಿಯಿಂದ ಎದ್ದವಳೇ ತಲೆಗೆ ಸ್ಕಾರ್ಫು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೊಲಿಗೆ ಹಾಲಿನ ಬಾಗಿಲಿಗೆ ಬಂದಳು. ಏದುಸಿರು ಬಿಡುತ್ತ ಸೊಂಟಕ್ಕೆ ಕೈಕೊಟ್ಟಳು, ಬಾಯಿ ತೆರೆದಳು. ಅಷ್ಟರಲ್ಲಿ ಹಾಲಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು.

ಬೇಗಿಮಾಯ್ ಮೇಲಿನಿಂದಲೇ ಪ್ರಕಟಣೆ ಹಾಕಿದ್ದಳು. ಹೆಂಗಸರು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಾಗಿಲ ಕಡೆ ಯಾರೂ ತಿರುಗಲಿಲ್ಲ. ಆಮೇಲೆ ಹುಡುಗಿ ಕೆಳಗೆ ಬಂದಾಗ, "ಸುದ್ದಿ ಕೊಟ್ಟವಳು ನೀನು, ಸುಯುಂಚು ನಿಂದೇ" ಎಂದು ಒಮುರ್ಬೆಕ್ ಎಲ್ಲರೆದುರು ಅವಳ ಹೆಗಲಿಗೆ ರೇಷ್ಮೆಯ ಶಾಲು ಹೊದಿಸಿದ. ಬುರುಲ್ಚಾ ಬಾಯಿಗೆ ಬಂದಿದ್ದ ಮಾತನ್ನು ಉಗುಳಲಾರದೆ ನುಂಗಲಾರದೆ ನಿಂತಿದ್ದಳು. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಇಷ್ಟು ವಯಸ್ಸಾದವಳು ಒಂದು ಶಾಲಿಗೆ ಹೀಗೆ ಕರುಬುವುದೇ ಎಂದು ಅವಳೇ ತನ್ನನ್ನು ಬೈದುಕೊಂಡಳು. ಬೈದುಕೊಂಡರೆ ಉರಿ ಆರುತ್ತದೆಯೇ? ಇನ್ನಷ್ಟು ಹತ್ತಿಕೊಂಡಿತು.

ಮರುದಿನ ನೇರ ಒಮುರ್ಬೆಕ್‌ನ ಕೋಣೆಗೆ ಹೋದಳು. ಬಜಾರಿನ ಮೂಲೆಯಲ್ಲಿ ಅವನಿಗೆ ಬರೀ ಒಂದು ಮಳಿಗೆಯಿದ್ದ ಕಾಲದಿಂದ ಜೊತೆಗಿದ್ದವಳು, ಆ ಸಲಿಗೆ ಇತ್ತು.

"ನನ್ನೂ ಅಡ್ಮಿನ್ ಮಾಡು."

"ಅದೇನು ಕಿರೀಟಾನಾ ಅಕ್ಕ? ತಲೆನೋವು ಅದು."

"ನಿನ್ ಕಂಪನಿ ತಲೆನೋವೆಲ್ಲ ಹೊತ್ತಿದೀನಿ. ಇದೊಂದು ಭಾರ ಆಗುತ್ತಾ?"

ಒಮುರ್ಬೆಕ್ ನಕ್ಕು ಅಲ್ಲೇ ಒತ್ತಿಕೊಟ್ಟ. ಹಾಗೆ ಕಾರ್ಖಾನೆಗೆ ಇಬ್ಬರು ಅಡ್ಮಿನ್‌ಗಳಾದರು. ಒಪ್ಪಿಗೆಗೆ ಕಾದು ನಿಂತ ಮೆಸೇಜುಗಳು ಇನ್ನು ಇಬ್ಬರಿಗೂ ಕಾಣತೊಡಗಿದವು. ಆದರೆ ಬುರುಲ್ಚಾ ಕೂತು ನೋಡುತ್ತಿದ್ದದ್ದು ಅವನ್ನಲ್ಲ. ಸಿಬ್ಬಂದಿಯ ಪಟ್ಟಿ ತೆರೆದು, ಬೇಗಿಮಾಯ್ ಹೆಸರಿಗೆ ಬಂದು, ಅದರ ಮುಂದಿನ ಬೀಗದ ಗುರುತನ್ನು ನೋಡುವಳು. ಒತ್ತಿದರೆ ಏನಾಗುತ್ತದೆ? ಹುಡುಗಿಯ ನಗು ಅಲ್ಲೇ ನಿಲ್ಲುತ್ತದೆ. ಬೆರಳು ಅಲ್ಲಿಗೆ ಹೋಗುವುದು, ಹಿಂದೆ ಬರುವುದು. ಚಹಾ ಕುಡಿದು ಬಂದು ಮತ್ತೆ ತೆರೆಯುವಳು. ಒತ್ತಲು ಕಾರಣವೊಂದು ಸಿಕ್ಕಿದ್ದರೆ ಎಂದು ಮನಸ್ಸು ಹಂಬಲಿಸುತ್ತಿತ್ತು. ಕಾರಣ ಮಾತ್ರ ಸಿಗಲಿಲ್ಲ, ಹುಡುಗಿ ಅಷ್ಟು ಚೊಕ್ಕವಾಗಿ ಕೆಲಸ ಮಾಡುತ್ತಿದ್ದಳು. ಅದೂ ಒಂದು ಉರಿಯೇ.

ಒಂದು ಮಧ್ಯಾಹ್ನ ಒಮುರ್ಬೆಕ್ ಗಡಿಯ ಸುಂಕದ ಕಚೇರಿಗೆ ಹೋಗಿದ್ದ. ಬುರುಲ್ಚಾಳ ಮೇಜಿನ ಮೇಲಿದ್ದ ಹಳೆಯ ಫೋನು ಬಡಿದುಕೊಂಡಿತು.

"ನಾನು ತುರ್ದುಬೈ, ಬೇಗಿಮಾಯ್ ಚಿಕ್ಕಪ್ಪ. ಹುಡುಗಿ ಪಕ್ಕದಲ್ಲಿಲ್ಲ ತಾನೇ?"

"ಇಲ್ಲ. ಹೇಳಿ."

"ನಮ್ಮಣ್ಣ ಇಮಾನ್‌ಕುಲ್ ಹೋಗ್ಬಿಟ್ಟ. ಬೆಳಿಗ್ಗೆ ಕುದುರೆಗೆ ನೀರು ಕುಡಿಸ್ತಿದ್ದೋನು ಹಾಗೇ ಕುಸಿದ. ನಾನು ಇಬ್ರು ಹಿರಿಯರನ್ನ ಕರ್ಕೊಂಡು ಬರ್ತಿದೀನಿ, ಇನ್ನರ್ಧ ಗಂಟೇಲಿ ಅಲ್ಲಿರ್ತೀವಿ. ಅಲ್ಲೀವರೆಗೂ ಹುಡುಗಿ ಕಿವಿಗೆ ಬೀಳ್ಬಾರ್ದು ತಾಯಿ. ಮನೆಯೋರಿಗೆಲ್ಲ ಫೋನ್ ಮಾಡ್ಬೇಡಿ ಅಂತ ಹೇಳಿದೀನಿ. ಇವಳಣ್ಣ ಮಾಸ್ಕೋದಲ್ಲಿದಾನಲ್ಲ, ಅವ್ನಿಗೆ ಆಗ್ಲೇ ಯಾರೋ ಫೋನಿಗೆ ಮೆಸೇಜ್ ಹಾಕ್ಬಿಟ್ರು. ಇವಳಿಗಾದ್ರೂ ಹಾಗಾಗ್ಬಾರ್ದು."

"ಬನ್ನಿ. ನಾನ್ ನೋಡ್ಕೋತೀನಿ."

ಇನ್ನು ಹೇಳಿಸಿಕೊಳ್ಳಬೇಕೇ? ಒಳ್ಳೆಯ ಸುದ್ದಿಯನ್ನು ಯಾರು ಬೇಕಾದರೂ ಓಡಿಬಂದು ಕೂಗಬಹುದು. ಸಾವಿನ ಸುದ್ದಿಯನ್ನು ಹಿರಿಯರು ಬಂದು, ಎದುರಿಗೆ ಕೂತು, ಸುತ್ತಿಬಳಸಿ ಇಳಿಸಬೇಕು. ಕೇಳುವವಳ ಎಡಕ್ಕೊಬ್ಬರು ಬಲಕ್ಕೊಬ್ಬರು ಹಿಡಿದುಕೊಳ್ಳಲು ಇರಬೇಕು. ಒಂಟಿಯಾಗಿ ಕೇಳಿದವರ ಎದೆಯಲ್ಲಿ ಆ ಸುದ್ದಿ ಮುಳ್ಳಾಗಿ ಉಳಿದುಬಿಡುತ್ತದೆ. ಬುರುಲ್ಚಾಗೆ ಇದು ಗೊತ್ತಿದ್ದ ವಿಷಯ. ಅವಳ ತಾಯಿ ಹೋದದ್ದನ್ನು ಯಾರೋ ಬಸ್ಸಿನಲ್ಲಿ ಹೇಳಿಬಿಟ್ಟಿದ್ದರು.

ಫೋನಿಟ್ಟು ಕಂಪ್ಯೂಟರಿನ ಕಡೆ ತಿರುಗಿದಳು. ಒಪ್ಪಿಗೆಗೆ ಕಾದಿದ್ದ ಮೆಸೇಜು ಒಂದಿತ್ತು. ಹೊಲಿಗೆಯ ಕಲಿಪಾಳದು, ಬೇಗಿಮಾಯ್ ಊರಿನವಳೇ. "ನಮ್ಮ ಬೇಗಿಮಾಯ್ ತಂದೆ ಇಮಾನ್‌ಕುಲ್ ಅಪ್ಪ ತೀರಿಕೊಂಡರಂತೆ, ಅವರಿಗೆ ಸ್ವರ್ಗ ಸಿಗಲಿ" ಎಂದು ಬರೆದಿದ್ದಳು. ಪಾಪ, ಅವಳದು ಒಳ್ಳೆಯ ಮನಸ್ಸೇ. ಎಲ್ಲರಿಗೂ ತಿಳಿಸೋಣ ಎಂದು ಬರೆದಳು, ಬರೆದದ್ದು ಎಲ್ಲಕ್ಕಿಂತ ಮೊದಲು ಯಾರ ಮುಂದೆ ಹೋಗಿ ನಿಲ್ಲುತ್ತದೆ ಎಂದು ಯೋಚಿಸಲಿಲ್ಲ. ಒಪ್ಪಿಗೆ ಕೊಡಬೇಕಾದವಳೇ ಬೇಗಿಮಾಯ್!

ಬುರುಲ್ಚಾ ಅದನ್ನು ತಕ್ಷಣ ಅಳಿಸಿದಳು. ಅಳಿಸುತ್ತಿದ್ದಂತೆ ಇನ್ನೊಂದು ಬಂತು, ಕಲಿಪಾಳ ಪಕ್ಕದ ಯಂತ್ರದವಳದು. ಅದನ್ನೂ ಅಳಿಸಿದಳು. ಕೆಳಗೆ ಬಾಯಿಂದ ಬಾಯಿಗೆ ಹಬ್ಬಿರಬೇಕು, ಇನ್ನು ಸಾಲುಗಟ್ಟಿ ಬರುತ್ತವೆ. ಗಾಜಿನ ಗೋಡೆಯಾಚೆ ಬೇಗಿಮಾಯ್ ಕೈಯಲ್ಲಿ ಮಾಂಸ ತುಂಬಿದ ಸಂಸಾ ಹಿಡಿದು, ಯಾರೊಂದಿಗೋ ನಗುತ್ತ, ತನ್ನ ಮೇಜಿನ ಕಡೆ ಬರುತ್ತಿದ್ದಳು. ಕೂತಳು. ಬೆರಳಿಗಂಟಿದ ಎಣ್ಣೆ ಒರೆಸಿಕೊಂಡಳು.

ಬುರುಲ್ಚಾ ಸಿಬ್ಬಂದಿ ಪಟ್ಟಿ ತೆರೆದು, ಆ ಹೆಸರಿಗೆ ಬಂದು, ಬೀಗದ ಗುರುತನ್ನು ಒತ್ತಿದಳು.

ಒತ್ತಿದ ಕ್ಷಣ ಅವಳಿಗೆ ಖುಷಿಯಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಆಯಿತು. ಆ ಹುಡುಗಿಯ ಅಪ್ಪ ಸತ್ತಿದ್ದಾನೆಂದು ಗೊತ್ತಿದ್ದೂ, ಗಾಜಿನಾಚೆ ಅವಳ ಹುಬ್ಬು ಗಂಟಿಕ್ಕಿದ್ದು ಕಂಡಾಗ, ಬಿಸಿಲಲ್ಲಿ ಬಂದವರಿಗೆ ತಣ್ಣನೆಯ ಮಜ್ಜಿಗೆ ಸಿಕ್ಕಂತೆ ಒಳಗೆಲ್ಲ ಹಿತವಾಯಿತು. ಮರುಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು.

ಬೇಗಿಮಾಯ್ ಫೋನು ತೆಗೆದು ನೋಡಿದಳು. ಅದೂ ಕಲ್ಲು. ಎದ್ದು ಬಂದಳು.

"ಅಕ್ಕ, ನನ್ ಖಾತೆಗೆ ಬೀಗ ಹಾಕಿದ್ದು ನೀವಾ?"

"ಹೌದು."

"ಯಾಕೆ?"

"ಆಮೇಲ್ ಹೇಳ್ತೀನಿ. ಕೂತ್ಕೋ, ಚಹಾ ಕುಡಿ."

"ಚಹಾ ಕುಡಿಯೋ ಹೊತ್ತಾ ಇದು? ಇವತ್ತು ಅಲ್ಮಾಟಿಯೋರ ಜೊತೆ ಮಾತಿದೆ ಅಂತ ನಿಮ್ಗೂ ಗೊತ್ತು. ತೆಗೀರಿ ಅಕ್ಕ."

"ತೆಗೆಯಲ್ಲ."

ಸುತ್ತಲಿನವರು ಕೆಲಸ ಬಿಟ್ಟು ನೋಡತೊಡಗಿದರು. ಹುಡುಗಿಯ ಮುಖ ಕೆಂಪೇರಿತು. "ಹಾಗಾದ್ರೆ ನಾನೇ ಹೇಳ್ತೀನಿ ಯಾಕೆ ಅಂತ. ಶಾಲು ಹೊದಿಸಿದ ದಿನದಿಂದ ನಿಮ್ ಮುಖ ನೋಡ್ತಿದೀನಿ. ಹೊಟ್ಟೆಕಿಚ್ಚು ಅಕ್ಕ. ಬರೀ ಹೊಟ್ಟೆಕಿಚ್ಚು. ಅಡ್ಮಿನ್ ಮಾಡಿ ಅಂತ ಬೇಡಿಕೊಂಡಿದ್ದೇ ಇದಕ್ಕೆ." ಬ್ಯಾಗು ಎತ್ತಿಕೊಂಡಳು. "ಒಮುರ್ಬೆಕ್ ಅಣ್ಣ ಎಲ್ಲಿದ್ರೂ ಅಲ್ಲಿಗೇ ಹೋಗಿ ಹೇಳ್ತೀನಿ."

ಇವಳು ಬೀದಿಗಿಳಿದರೆ ಕೆಟ್ಟಿತು. ಕೆಳಗೆ ಹೊಲಿಗೆ ಹಾಲು ದಾಟಿಯೇ ಹೋಗಬೇಕು, ಮೊದಲು ಸಿಕ್ಕವಳೇ ತಬ್ಬಿ ಅತ್ತುಬಿಡುತ್ತಾಳೆ. ಬುರುಲ್ಚಾ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಜಗಳ ನಡೆಯುತ್ತಿರುವಷ್ಟು ಹೊತ್ತು ಹುಡುಗಿ ಎಲ್ಲಿಗೂ ಹೋಗುವುದಿಲ್ಲ ಎಂದು ಹೊಳೆದದ್ದೇ ತಡ, ಹೂಡಿದಳು ಜಗಳ.

"ಹೌದು ಕಣೆ, ಹೊಟ್ಟೆಕಿಚ್ಚೇ. ಏನೀಗ? ನಾನು ಇಷ್ಟು ವರ್ಷ ಬೆವರು ಸುರಿಸಿ ಸಂಪಾದಿಸಿದ್ದನ್ನ ನೀನು ಒಂದ್ ಬೆರಳಲ್ಲಿ ಕಿತ್ಕೊಂಡೆ. ನೀನ್ ನಕ್ರೆ ಉರಿಯುತ್ತೆ ನಂಗೆ. ನಿನ್ನ ಎಲ್ರೂ ಹೊಗಳಿದ್ರೆ ಅನ್ನ ಸೇರಲ್ಲ. ಹೇಳು, ಇನ್ನೇನ್ ಹೇಳ್ಬೇಕು ನಿಂಗೆ, ಪೂರ್ತಿ ಹೇಳ್ಬಿಡು."

ಹುಡುಗಿ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮುದಿಗೊಡ್ಡು ಎಂದಳು, ಕಂಪನಿಗೆ ಹಿಡಿದ ತುಕ್ಕು ಎಂದಳು, ವಯಸ್ಸಿಗೆ ತಕ್ಕ ಮರ್ಯಾದೆ ಇಟ್ಟುಕೊಳ್ಳಲಿಲ್ಲ ಎಂದಳು. ಲೆಕ್ಕದ ಕೋಣೆಯವರು "ಛೆ, ನಿಜ ಕಣ್ರೀ" ಎಂದು ಪಿಸುಗುಟ್ಟಿದ್ದೂ ಬುರುಲ್ಚಾಗೆ ಕೇಳಿಸಿತು. ಒಂದೊಂದು ಮಾತೂ ನಾಟಿತು. ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಕೊನೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಿಳಿಯ ಕಲ್ಪಾಕ್ ಟೊಪ್ಪಿಗೆಯ ಮೂವರು ಮುದುಕರು ಒಳಗೆ ಬಂದರು. ಬೇಗಿಮಾಯ್ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು. ಬುರುಲ್ಚಾ ಮೆಲ್ಲಗೆ ಹೋಗಿ ಅವಳ ಎಡಗಡೆ ನಿಂತು ತೋಳು ಹಿಡಿದುಕೊಂಡಳು. ಬಲಗಡೆಗೆ ಇನ್ನೊಬ್ಬಳನ್ನು ಕಣ್ಣಲ್ಲೇ ಕರೆದಳು.

"ಕೂತ್ಕೋ ಮಗಳೇ," ಎಂದ ತುರ್ದುಬೈ. "ಬೇಸಿಗೆ ಹುಲ್ಲುಗಾವಲಿಗೆ ಹತ್ತಿದ ಕುರುಬ ಎಷ್ಟು ದಿನ ಅಂತ ಅಲ್ಲಿರ್ತಾನೆ? ಹುಲ್ಲು ಎಷ್ಟೇ ಚೆನ್ನಾಗಿರ್ಲಿ, ಕರೆ ಬಂದ ದಿನ ಡೇರೆ ಬಿಚ್ಚಿ ಇಳೀಲೇಬೇಕು. ನಿಮ್ ತಾತ ಇಳಿದ್ರು, ಅವರಪ್ಪಾನೂ ಇಳಿದ್ರು. ಇವತ್ತು ಬೆಳಿಗ್ಗೆ ನಿಮ್ಮಪ್ಪ ಇಳಿದ, ಮಗಳೇ."

ಹುಡುಗಿ ಒಮ್ಮೆಗೇ ಭಾರವಾದಳು. ಇಬ್ಬರು ಹಿಡಿದಿದ್ದರು, ನೆಲಕ್ಕೆ ಬೀಳಲಿಲ್ಲ. ದನಿ ತೆಗೆದು ಅತ್ತಳು, ಬುರುಲ್ಚಾಳೂ ಅವಳ ಜೊತೆ ದನಿ ಸೇರಿಸಿ ಅತ್ತಳು. ಕಾರಿನ ತನಕ ತೋಳು ಬಿಡಲಿಲ್ಲ.

ಊರಿನ ಕೆಲಸಗಳನ್ನು ಮುಗಿಸಿ ಬೇಗಿಮಾಯ್ ಹಿಂತಿರುಗಿದಾಗ ಚಳಿ ಶುರುವಾಗಿತ್ತು. ತಲೆಗೆ ಕಪ್ಪು ವಸ್ತ್ರ, ಇಳಿದ ಮುಖ. ಅಪ್ಪನ ಹೆಸರಲ್ಲಿ ಕರಿದು ತಂದಿದ್ದ ಬೋರ್ಸೋಕ್ ಹಿಟ್ಟಿನುಂಡೆಗಳನ್ನು ಹೊಲಿಗೆ ಹಾಲಿನಲ್ಲಿ ಎಲ್ಲರಿಗೂ ಹಂಚಿದಳು. ಆಮೇಲೆ ಬುರುಲ್ಚಾಳ ಎದುರು ಬಂದು ನಿಂತಳು. ಯಂತ್ರಗಳು ಒಂದೊಂದಾಗಿ ನಿಂತವು. ಒಮುರ್ಬೆಕ್ ಕೂಡ ಅಲ್ಲೇ ಇದ್ದ.

"ನಮ್ಮಣ್ಣಂಗೆ ಫೋನಲ್ಲಿ ಗೊತ್ತಾಯ್ತಂತೆ," ಎಂದಳು ಎಲ್ಲರಿಗೂ ಕೇಳುವಂತೆ. "ಮೆಟ್ರೋದಲ್ಲಿ ನಿಂತಿದ್ನಂತೆ. ಹಿಡ್ಕೊಳ್ಳೋಕೆ ಒಬ್ರೂ ಇರ್ಲಿಲ್ಲ. ಇಳಿದು ಯಾವ ಕಡೆ ಹೋಗ್ಬೇಕು ಅಂತಾನೂ ತಿಳೀದೆ ಅಲ್ಲೇ ಕೂತುಬಿಟ್ನಂತೆ. ಈಗ್ಲೂ ಫೋನ್ ಮುಟ್ಟೋಕೆ ಹೆದರ್ತಾನೆ. ನಂಗೆ ಹಾಗಾಗ್ದಿರೋ ಹಾಗೆ ನೋಡ್ಕೊಂಡಿದ್ದು ಅಕ್ಕ. ನಾನು ಎಲ್ರೆದುರಿಗೆ ಬಾಯಿಗೆ ಬಂದ ಹಾಗೆ ಬೈದೆ. ಹೊಟ್ಟೆಕಿಚ್ಚು ಅಂದೆ. ಅವ್ರು ಹೌದು ಅಂತ ನನ್ ಎದುರಿಗೇ ಒಪ್ಕೊಂಡ್ರು, ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳಿದ್ರು." ಅವಳ ಕಣ್ಣು ತುಂಬಿತು. "ಕ್ಷಮಿಸಿ ಅಕ್ಕ. ಒಮುರ್ಬೆಕ್ ಅಣ್ಣ, ಇನ್ಮೇಲೆ ಅಡ್ಮಿನ್ ಅಕ್ಕ ಒಬ್ರೇ ಇರ್ಲಿ. ಯಾವ ಸುದ್ದಿ ಹೇಗೆ ಹೇಳ್ಬೇಕು ಅಂತ ಅವ್ರಿಗೆ ಗೊತ್ತು."

ಒಮುರ್ಬೆಕ್ ತಲೆಯಾಡಿಸಿದ. ಹೆಂಗಸರು ಸ್ಕಾರ್ಫಿನಂಚಿಗೆ, ತೋಳಿಗೆ ಕಣ್ಣೊರೆಸಿಕೊಂಡರು. ಹಾಲಿನ ಅಷ್ಟೂ ಮುಖಗಳು ಬುರುಲ್ಚಾಳ ಕಡೆ ತಿರುಗಿದ್ದವು. ಅವಳು ಬಯಸಿದ್ದೆಲ್ಲ ಕೇಳದೆಯೇ ಮಡಿಲಿಗೆ ಬಂದು ಬಿದ್ದಿತ್ತು.

ಸುಳ್ಳಲ್ಲ ಮಗಳೇ, ಅವತ್ತು ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಬೀಗ ಒತ್ತಿದಾಗ ನನಗೆ ಖುಷಿಯಾಯಿತು ಎಂಬ ಮಾತು ಅವಳ ಗಂಟಲ ತನಕ ಬಂತು. ಹೊರಗೆ ಬಂದದ್ದು ಬೇರೆ.

"ಇರ್ಲಿ ಬಿಡಮ್ಮ," ಎಂದಳು. "ಆಗಿದ್ದಾಯ್ತು."

ಹುಡುಗಿ ಅವಳ ಹೆಗಲಿಗೆ ಮುಖವಿಟ್ಟು ಅತ್ತಳು. ಬುರುಲ್ಚಾ ಅವಳ ಬೆನ್ನು ಸವರಿದಳು. ಅಷ್ಟು ಜನರೆದುರು ತನ್ನ ತಪ್ಪನ್ನು ಇಷ್ಟು ಸಲೀಸಾಗಿ ಹೇಳಿಕೊಂಡು ಹಗುರಾದಳಲ್ಲ ಇವಳು ಎಂದು ಬೆನ್ನು ಸವರುತ್ತಲೇ ಅವಳಿಗೆ ಮತ್ತೆ ಹೊಟ್ಟೆ ಉರಿಯಿತು.