ಹೊರಕ್ಕೆ ತೆರೆಯುವ ಬಾಗಿಲು

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಾಗಿಲುಗಳ ಅಂಗಡಿಯ ನಡುವೆ ಗೋಡೆಯಿಲ್ಲದೆ ಬರೀ ಚೌಕಟ್ಟಿನಲ್ಲಿ ನಿಂತಿದ್ದ ಮಾದರಿ ಬಾಗಿಲೊಂದನ್ನು ಆಕೆ ಏಳನೆಯ ಸಲ ತೆರೆದು ಮುಚ್ಚಿದಳು. ಪಕ್ಕದಲ್ಲಿ ಗಂಡ ಮನೆಯ ನಕ್ಷೆ ಹಿಡಿದು, ಮುಂಬಾಗಿಲಿಗೆ ಹಿತ್ತಾಳೆಯ ಹಿಡಿಕೆ ಒಪ್ಪುತ್ತದೋ ಕಪ್ಪು ಕಬ್ಬಿಣದ್ದೋ ಎಂದು ಅಂಗಡಿಯವನ ತಲೆ ತಿನ್ನುತ್ತಿದ್ದ. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ಮನುಷ್ಯ. ಹೊಸ ಮನೆಯ ಒಂಬತ್ತು ಬಾಗಿಲುಗಳಲ್ಲಿ ಎಂಟನ್ನು ಹಲಗೆ ಹಲಗೆಯಾಗಿ ತಾನೇ ಬಿಡಿಸಿದ್ದ. ಬಚ್ಚಲಿನದಕ್ಕೆ ಮಾತ್ರ ಒಂದು ಆಯತ ಎಳೆದು ‘ಸಾದಾ’ ಎಂದು ಬರೆದು ಕೈತೊಳೆದುಕೊಂಡಿದ್ದ.

"ಅಮ್ಮ, ಬಚ್ಚಲಿನ ಬಾಗಿಲು ಒಳಕ್ಕೇ ತಾನೇ?" ಜೊತೆಗೆ ಬಂದಿದ್ದ ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೇಳಿದ. "ಸೋಮವಾರ ಚೌಕಟ್ಟು ನಿಲ್ಲಿಸ್ತೀನಿ. ಒಂದ್ಸಲ ಗೋಡೆ ಸೇರಿದ್ರೆ ಮುಗೀತು."

"ಹೊರಕ್ಕೆ."

"ಹೊರಕ್ಕಾ? ಸ್ನಾನ ಮುಗಿಸಿ ತೆಗೆದ್ರೆ ಹಲಗೆ ಮೇಲಿನ ನೀರೆಲ್ಲ ಹಜಾರಕ್ಕೆ ತೊಟ್ಟಿಕ್ಕುತ್ತೆ. ಯಾರೂ ಹಂಗೆ ಇಡಿಸಲ್ಲ. ಬಾಗಿಲು ಕೂರೋ ಅಂಚು ಒಳಗಡೆಗೇ ಕೊರೆದಾಗಿದೆ."

"ಚೌಕಟ್ಟನ್ನೇ ತಿರುಗಿಸಿ ನಿಲ್ಸಿ. ನೀರು ನಾನು ಒರೆಸ್ಕೊತೀನಿ."

ಗಂಡ ಹಿಡಿಕೆಗಳನ್ನು ಬಿಟ್ಟು ಇತ್ತ ತಿರುಗಿದ. "ಚಿಲಕಾನೂ ಬೇಡ ಅಂತಾಳೆ ಕಣಯ್ಯ. ನಾಳೆ ಬಾಗಿಲು ಯಾಕೆ, ಪರದೆ ಸಾಕು ಅಂದಾಳು. ಆಮೇಲೆ ನಿನಗೇನು ಕೆಲಸ?"

ಬಡಗಿ ನಕ್ಕ. ಆಕೆ ನಗಲಿಲ್ಲ.

ಎರಡು ವರ್ಷದ ಹಿಂದೆ, ಬಾಡಿಗೆ ಮನೆಯ ಬಚ್ಚಲಿನಲ್ಲಿ ಅವನು ತಲೆಸುತ್ತಿ ಬಿದ್ದಿದ್ದ. ಒಳಗಿನಿಂದ ಚಿಲಕ ಹಾಕಿತ್ತು. ಪಕ್ಕದ ಮನೆಯ ದರ್ಜಿ ಭುಜ ಕೊಟ್ಟು ನೂಕಿದಾಗ ಚಿಲಕವೇನೋ ಕಿತ್ತುಬಂತು, ಆದರೆ ಬಾಗಿಲು ನಾಲ್ಕು ಬೆರಳಿನಷ್ಟು ಸರಿದು ನಿಂತುಬಿಟ್ಟಿತು. ಅದನ್ನು ತಡೆದಿದ್ದು ಅವನ ಮೈಯೇ. ಹೆಚ್ಚು ನೂಕಿದರೆ ಅವನ ಕುತ್ತಿಗೆ ಎಲ್ಲಿದೆಯೋ ಗೊತ್ತಿಲ್ಲ, ನೂಕದಿದ್ದರೆ ಒಳಗೆ ಹೋಗುವಂತಿಲ್ಲ. ಆ ಸಂದಿಯಲ್ಲಿ ಅವನ ಒಂದು ಹಿಮ್ಮಡಿ ಮಾತ್ರ ಕಾಣುತ್ತಿತ್ತು. ಆಕೆ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆಯುವುದು ಅವಳ ದಿನದ ಕೆಲಸ. ಅವತ್ತೂ, ದರ್ಜಿ ಹಲಗೆ ಒಡೆದು ಅವನನ್ನು ಹೊರತೆಗೆಯುವವರೆಗೆ, ಕಣ್ಣು ಮಣಿಕಟ್ಟಿನ ಗಡಿಯಾರದ ಕಡೆಗೇ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಕೇಳಿದ್ದ: ಎಷ್ಟು ಹೊತ್ತು ಬಿದ್ದಿದ್ದೆ? ಎರಡು ನಿಮಿಷ, ಎಂದಿದ್ದಳು. ಅಂದಿನಿಂದ ಅವನು ಬಚ್ಚಲಿಗೆ ಹೋದಾಗಲೆಲ್ಲ ಆಕೆ ಏನಾದರೊಂದು ನೆಪ ಮಾಡಿಕೊಂಡು ಹಜಾರದಲ್ಲಿ ಸುಳಿದಾಡುತ್ತಿದ್ದಳು.

"ನೋಡು, ನಾನೇನು ಕೂಸಲ್ಲ," ಅವನು ದನಿ ತಗ್ಗಿಸಿದ. "ನಾಲ್ಕು ಜನ ಬಂದು ಹೋಗೋ ಮನೆ. ಚಿಲಕ ಇಲ್ಲದೆ ನೆಮ್ಮದಿಯಾಗಿ ಹೇಗೆ ಕೂರಲಿ? ಎರಡು ನಿಮಿಷದ ವಿಷಯಾನ ಎರಡು ವರ್ಷ ಎಳೀತಿದ್ದೀಯಲ್ಲೇ."

"ಹನ್ನೊಂದು."

"ಏನು ಹನ್ನೊಂದು?"

"ನಿಮಿಷ."

ಅವನು ಕೈಯಲ್ಲಿದ್ದ ನಕ್ಷೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

ಅಂಗಡಿಯವನು ಗಂಟಲು ಸರಿಮಾಡಿಕೊಂಡು ಅದೇ ಮಾದರಿ ಬಾಗಿಲಿನ ಮೇಲೆ ಬೆರಳಿಟ್ಟ. "ಅಮ್ಮ, ಇದು ಹೊರಕ್ಕೇ ತೆಗೆಯೋದು. ಒಳಗಡೆ ಚಿಲಕ ಇದೆ. ಹೊರಗಡೆ ಈ ಸೀಳು ನೋಡಿ. ನಾಣ್ಯ ಇಟ್ಟು ತಿರುಗಿಸಿದ್ರೆ ಬಿಚ್ಚುತ್ತೆ. ಸಾಹೇಬ್ರ ಮರ್ಯಾದೆ ಒಳಗೆ, ನಿಮ್ಮ ಧೈರ್ಯ ಹೊರಗೆ."

ಗಂಡ ನಕ್ಷೆಯನ್ನು ಬಡಗಿಯ ಕೈಗಿಟ್ಟ. ಕನ್ನಡಕ ತೆಗೆದು ಜೇಬಿಗೆ ಸೇರಿಸಿದ. ಬಾಗಿಲಿನ ಹಿಂದಕ್ಕೆ ಹೋಗಿ ಅದನ್ನು ಎಳೆದುಕೊಂಡ. ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಹಲಗೆಗೆ ಬೆನ್ನು ಉಜ್ಜುತ್ತಾ ಯಾರೋ ನೆಲಕ್ಕೆ ಕುಸಿದು ಕೂತ ಸದ್ದು.

"ರೀ?"

ಆಕೆ ಹಲಗೆಯ ಮೇಲೆ ತಟ್ಟಿದಳು.

"ರೀ, ಆಟ ಆಡ್ಬೇಡಿ. ಜನ ನೋಡ್ತಿದ್ದಾರೆ."

ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವನ ಅಂಗಿಯ ಅಂಚು ಕಾಣುತ್ತಿತ್ತು. ಆಕೆ ಚೀಲಕ್ಕೆ ಕೈಹಾಕಿದಾಗ ಬೀಗದ ಕೈ ಬಂತು, ಮಾತ್ರೆಯ ಹಾಳೆ ಬಂತು, ಕೊನೆಗೆ ಚಿಲ್ಲರೆಯೆಲ್ಲ ನೆಲದ ಮೇಲೆ ಉರುಳಿತು.

"ಅಮ್ಮ, ಪಕ್ಕದಿಂದ ಹೋದ್ರಾಯ್ತಲ್ಲ," ಎಂದ ಬಡಗಿ. "ಗೋಡೆ ಎಲ್ಲಿದೆ?"

ಆಕೆಗೆ ಅದು ಕೇಳಿಸಲಿಲ್ಲ. ಮೊದಲ ನಾಣ್ಯ ದಪ್ಪವಾಗಿತ್ತು, ಸೀಳಿಗೆ ಹಿಡಿಯಲಿಲ್ಲ. ಎರಡನೆಯದನ್ನು ಎಡಕ್ಕೆ ತಿರುಗಿಸಿದಳು, ಅಲುಗಲಿಲ್ಲ. ಬಲಕ್ಕೆ ತಿರುಗಿಸಿದಳು. ಬಾಗಿಲು ಆಕೆಯ ಕಡೆಗೆ ತೆರೆದುಕೊಂಡಿತು, ಅದರ ಜೊತೆಗೇ ಅವನ ಬೆನ್ನು ವಾಲಿ ಬಂದು ಆಕೆಯ ಮೊಣಕಾಲಿಗೆ ಆತುಕೊಂಡಿತು. ಬೆಚ್ಚಗಿತ್ತು.

ಅವನು ಕೂತಲ್ಲಿಂದಲೇ ತಲೆಯೆತ್ತಿ ನೋಡಿದ. "ಎಷ್ಟಾಯ್ತು?"

ಆಕೆ ಗಡಿಯಾರ ನೋಡಿಕೊಂಡಿದ್ದಳು. "ನಲವತ್ತಮೂರು ಸೆಕೆಂಡು."

"ಜಾಸ್ತಿಯಾಯ್ತು ಕಣೇ. ತೆಳು ನಾಣ್ಯ ಕೈಯಲ್ಲೇ ಇಟ್ಕೋ. ಬಲಕ್ಕೆ ತಿರುಗಿಸು." ಮುಂದಕ್ಕೆ ಜರುಗಿ ಬಾಗಿಲನ್ನು ಮತ್ತೆ ಎಳೆದುಕೊಂಡ.

ಎರಡನೆಯ ಸಲ ಹದಿನಾಲ್ಕು. ಬಡಗಿ ನಗುವುದನ್ನು ಬಿಟ್ಟು, ನಕ್ಷೆಯ ಆ ಆಯತದ ಪಕ್ಕದಲ್ಲಿ ಹೊರಮುಖವಾಗಿ ಒಂದು ಬಾಣ ಎಳೆದ. "ಚೌಕಟ್ಟಿನ ಮೇಲೆ ನಾಣ್ಯ ಇಡೋಕೆ ಚಿಕ್ಕ ಗುಳಿ ತೋಡಿಕೊಡ್ತೀನಮ್ಮ, ನಿಮ್ಮ ಕೈಗೆಟುಕೋ ಹಾಗೆ," ಎಂದ.

"ಇನ್ನೊಂದು ಸಲ," ಎಂದಿತು ಒಳಗಿನ ದನಿ. ಚಿಲಕ ಬಿತ್ತು. ಅಂಗಿಯ ಅಂಚು ಮತ್ತೆ ಸಂದಿಯಲ್ಲಿ ಕಾಣಿಸಿತು.

ಆಕೆ ನಾಣ್ಯ ಹಿಡಿದ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಮೂರನೆಯ ಸಲ, ಐದು ಸೆಕೆಂಡು.