ತೇಗಕ್ಕೆ ಹಿಡಿಯುವ ಗೋಂದು

"ಭಾವ, ಅದನ್ನ ಬಳೀಬೇಡಿ. ತೇಗಕ್ಕೆ ಬಿಳಿ ಗೋಂದು ಹಿಡಿಯಲ್ಲ."

ಬ್ರಷ್ಷು ಹಲಗೆಯ ಅಂಚಿಗೆ ತಾಗುವ ಮೊದಲೇ ಅವಳು ಭಾವನ ಮುಂಗೈ ಹಿಡಿದಿದ್ದಳು. ಗಂಡನ ಶವಪೆಟ್ಟಿಗೆಗೆ ಮುಚ್ಚಳವೊಂದೇ ಬಾಕಿ. ಅಷ್ಟಗಲದ ಹಲಗೆ ಅಣ್ಣತಮ್ಮಂದಿರ ಮರಗೆಲಸದ ಕಾರ್ಖಾನೆಯಲ್ಲಿ ಇರಲಿಲ್ಲ, ಎರಡನ್ನು ಜೋಡಿಸಬೇಕಿತ್ತು. ಗೋಡೆಯಾಚೆ ನಡುಮನೆಯಲ್ಲಿ ಬಂದವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ನನಗೆಲ್ಲಿ ಗೊತ್ತಾಗುತ್ತಮ್ಮ ಇದೆಲ್ಲ," ಎಂದರು ಭಾವ. "ಹಠಮಾರಿ ಮರ ಎಲ್ಲ ಅವನ ಪಾಲಿಗೇ ಅಲ್ವಾ."

"ಎಣ್ಣೆ ಮರ ಇದು. ಮೊದಲು ಥಿನ್ನರಲ್ಲಿ ಒರೆಸಬೇಕು, ಆಮೇಲೆ ಎರಡು ಟ್ಯೂಬು ಕಲಸಿ ಹಚ್ಚೋ ಗೋಂದು. ನಿದ್ದೇಲೂ ಅದನ್ನೇ ಹೇಳ್ತಿದ್ರು ನಿಮ್ಮ ತಮ್ಮ."

ಪಕ್ಕದ ಮನೆಯ ಟೈಲರಮ್ಮ ಬಾಗಿಲಲ್ಲಿ ಇಣುಕಿದಳು. "ಅಕ್ಕ, ಗಾಡಿ ಬಂತು."

"ಕಾಯೋಕೆ ಹೇಳು. ಗೋಂದು ಹಿಡೀಲಿ."

"ಅಣ್ಣ ಬದುಕಿದ್ದಾಗ್ಲೂ ಹಿಂಗೇ. ಮದುವೆ ಮನೆಗೆ ಹೊರಟ್ರೂ ಗೋಂದು ಒಣಗ್ಲಿ ಅಂತಿದ್ರು," ಎಂದು ನಗಲು ಹೋಗಿ ಟೈಲರಮ್ಮ ಅತ್ತುಬಿಟ್ಟಳು.

* * *

ಮದುವೆಯಾದ ಹೊಸತರಲ್ಲಿ ಗಂಡನಿಗೆ ಕಡಲ ದಡದ ಊರಲ್ಲಿ ದೋಣಿ ಕಟ್ಟುವ ಕೆಲಸ ಸಿಕ್ಕಿತ್ತು. ಇಬ್ಬರೂ ಹೋಗಿ ಬಾಡಿಗೆ ಮನೆ ನೋಡಿ ಬಂದಿದ್ದರು. ಒಂದೇ ಕೋಣೆ, ಆದರೆ ಕಿಟಕಿ ತೆರೆದರೆ ನೀರು.

ಹೊರಡುವ ಬೆಳಗ್ಗೆ ಗಿರಾಕಿಯೊಬ್ಬ ತೇಗದ ಮೇಜನ್ನು ತಂದು ಅಂಗಳದಲ್ಲಿ ಇಳಿಸಿದ. ಭಾವ ಅಂಟಿಸಿದ್ದ ಮೇಜು. ಉದ್ದಕ್ಕೂ ಬಾಯಿ ಬಿಟ್ಟಿತ್ತು.

"ನೀನು ಹೋದ್ರೆ ಬಾಗಿಲು ಮುಚ್ಚಬೇಕಾಗುತ್ತೆ ಕಣೋ," ಎಂದು ಭಾವ ತಲೆಯ ಮೇಲೆ ಕೈ ಹೊತ್ತು ಕೂತರು.

ಗಂಡ ಬಿರುಕಿನಲ್ಲಿ ಉಗುರಾಡಿಸಿ, ಎದ್ದು ಬಂದ ಬಿಳಿ ಗೋಂದನ್ನು ನೋಡಿದ. ಬಹಳ ಹೊತ್ತು ನೋಡಿದ.

"ಇದೊಂದು ಮುಗಿಸಿ ಹೋಗೋಣ."

ಅದೊಂದು ಮುಗಿಯಲೇ ಇಲ್ಲ. ಮೇಜಿನ ಹಿಂದೆ ಕುರ್ಚಿ ಬಂತು, ಕುರ್ಚಿಯ ಹಿಂದೆ ಕಪಾಟು. ಅವಳು ಜಗಳವಾಡಿದಳು, ಮಾತು ಬಿಟ್ಟಳು, ಕೊನೆಗೆ ಸುಮ್ಮನಾದಳು. "ಅಣ್ಣಂಗೆ ಕೈ ಬರಲ್ಲ, ಏನ್ಮಾಡ್ಲಿ?" ಎನ್ನುತ್ತಿದ್ದ ಗಂಡ. ಗಾಳಿಯಾಡದ ಆ ಗೋಂದಿನ ಕೋಣೆಯಲ್ಲೇ ಅವನಿಗೆ ಕೆಮ್ಮು ಹತ್ತಿತು.

* * *

ಅವಳು ಟ್ಯೂಬು ಹುಡುಕಿ ತರುವಷ್ಟರಲ್ಲಿ ಭಾವ ಹಲಗೆ ಒರೆಸತೊಡಗಿದ್ದರು. ಬಟ್ಟೆ ಹಳದಿಯಾದ ಕೂಡಲೇ ಮಡಿಕೆ ತಿರುವುತ್ತಿದ್ದರು. ಅದು ಬೆಳ್ಳಗೇ ಉಳಿದ ಮೇಲೆ ಟ್ಯೂಬುಗಳನ್ನು ಸಮಸಮ ಹಿಂಡಿ, ಕಲಸಿ, ಮರ ಮತ್ತೆ ಎಣ್ಣೆ ಬಿಡುವ ಮುಂಚೆ ತೆಳ್ಳಗೆ ಎಳೆದರು. ಕೈ ಎಲ್ಲೂ ತಡವರಿಸಲಿಲ್ಲ.

ಹಲಗೆ ಬಿಗಿಹಿಡಿಯುವ ಉದ್ದದ ಕ್ಲ್ಯಾಂಪುಗಳು ಗಂಡ ಕೊನೆಯದಾಗಿ ಬಿಗಿದಿಟ್ಟ ಕಪಾಟಿನ ಮೇಲೇ ಇದ್ದವು. ಬಿಚ್ಚಲು ಇಬ್ಬರಿಗೂ ಮನಸ್ಸಾಗಲಿಲ್ಲ.

"ಆ ಕಡೆ ಒತ್ತಿ ಹಿಡಿ," ಎಂದರು ಭಾವ.

ಅವಳು ಒಂದು ಕೈ ಅಂಚಿಗೆ, ಒಂದು ಕೈ ಸಂದಿನ ಮೇಲೆ ಕೊಟ್ಟು ಒತ್ತಿದಳು.

"ಯಾರು ಕಲಿಸಿದ್ರು ನಿಮಗೆ? ಇವರಾ?"

ಭಾವ ತಲೆಯೆತ್ತಲಿಲ್ಲ. "ನಾನೇ ಅವನಿಗೆ ಕಲಿಸಿದ್ದು."

ಅಂಗಳದ ಮೇಜು ಅವಳ ಕಣ್ಣ ಮುಂದೆ ಬಂತು.

"ಹಾಗಾದ್ರೆ ನೀವು ಬೇಕಂತಲೇ ಬಿಳಿ ಗೋಂದು ಬಳಿದಿದ್ದು ಅವತ್ತೇ ಅವರಿಗೆ ಗೊತ್ತಾಗಿತ್ತು."

"ಗೊತ್ತಾಗದೆ ಇರುತ್ತಾ? ಒಂದು ಮಾತು ಕೇಳಲಿಲ್ಲ. ಬೈದಿದ್ರೆ ಕಳಿಸಿಬಿಡ್ತಿದ್ದೆ."

ಅವಳ ಕೈ ಸಡಿಲಿತು. ಹಲಗೆ ಕೂದಲೆಳೆಯಷ್ಟು ಜಾರಿತು.

"ಬಿಡಬೇಡಮ್ಮ! ಈಗ ಬಿಟ್ರೆ ಹೋಯ್ತು."

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಮುಚ್ಚಳದ ಆ ಬದಿಗೆ ಭಾವ, ಈ ಬದಿಗೆ ಅವಳು, ಮುಖಕ್ಕೆ ಮುಖ ಕೊಟ್ಟು ಒತ್ತುತ್ತಲೇ ನಿಂತರು. ಸಂದಿನಿಂದ ಉಕ್ಕಿದ ಗೋಂದು ಅವಳ ಬೆರಳುಗಳ ನಡುವೆ ನಿಧಾನವಾಗಿ ಗಟ್ಟಿಯಾಗುತ್ತಿತ್ತು.