ಎಪ್ಪತ್ತೆರಡರ ಕೆಳಗಿನ ತಾರೀಖು

ಸಂಗಮ್ಮನಿಗೆ ಆಗಾಗ ತಲೆ ತಿರುಗುತ್ತಿತ್ತು. ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಹೆಂಗಸು, ಒಲೆಯ ಕಾವಿಗೆ ಹಾಗಾಗುತ್ತದೆ ಎಂದು ಅವಳೂ ಅಂದುಕೊಂಡಿದ್ದಳು, ಗಂಡ ಸಾಯಬಣ್ಣನೂ ಅಂದುಕೊಂಡಿದ್ದ. ಭಾಲ್ಕಿ ಕಡೆಯಿಂದ ಬಂದು ಶೇಂದ್ರಾದಲ್ಲಿ ಖಾನಾವಳಿ ಇಟ್ಟು ಹನ್ನೆರಡು ವರ್ಷವಾಗಿತ್ತು. ಪಕ್ಕದ ದೊಡ್ಡ ಊರಿಗೆ ಆಗಿನ್ನೂ ಔರಂಗಾಬಾದ ಎಂದೇ ಹೆಸರು, ಛತ್ರಪತಿ ಸಂಭಾಜಿನಗರ ಎಂದಾಗಿರಲಿಲ್ಲ. ಬೀದರ, ಕಲಬುರಗಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರಿಗೆ ಸಂಗಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೇ ಊರಿನ ನೆನಪು ಬರುತ್ತಿತ್ತು.

ಮನೆಯ ಹೆಂಗಸಿಗೆ ತಲೆಸುತ್ತು ಬಂದರೆ ನಾವು ಎಷ್ಟು ಬೇಗ ಕಾರಣ ಹುಡುಕಿಬಿಡುತ್ತೇವೆ ನೋಡಿ. ಉಪವಾಸ ಮಾಡಿದ್ದಳು, ಬಿಸಿಲಿಗೆ ಹೋಗಿದ್ದಳು, ನಿದ್ದೆ ಸಾಲಲಿಲ್ಲ. ಸಂಗಮ್ಮ ಎರಡು ಸಲ ದವಾಖಾನೆಗೆ ಹೋದದ್ದೂ ಉಂಟು. ಆದರೆ ಹೋಗಿ ಸರದಿ ಬರುವಷ್ಟರಲ್ಲಿ ತಲೆಸುತ್ತು ನಿಂತಿರುತ್ತಿತ್ತು. ಇಸಿಜಿ ಮಾಡಿದರೆ ಎಲ್ಲ ಸರಿ. ತಲೆ ತಿರುಗುವ ಹೊತ್ತಿಗೇ ನಾಡಿ ಎಷ್ಟಿತ್ತು ಎಂದು ತಿಳಿದರೆ ಮುಂದಿನ ಪರೀಕ್ಷೆಗೆ ಬರೆದುಕೊಡಬಹುದು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿ ಕಳಿಸಿದ್ದರು.

ಈ ಮಾತು ಸಂಗಮ್ಮನ ತಮ್ಮ ಶಿವರಾಯನ ಕಿವಿಗೆ ಬಿತ್ತು. ಶಿವರಾಯ ನಾಸಿಕದ ಅಂಬಡ್‌ನಲ್ಲಿ ಗಾಡಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ತಪಾಸಣೆಯವನು. ಅವನ ಕೆಲಸವೇ ಅಳತೆ ನೋಡುವುದು. ಅಲ್ಲಿ ಅಳೆಯುವ ಪ್ರತಿಯೊಂದು ಗೇಜಿನ ಮೇಲೂ ಅದನ್ನು ಕೊನೆಗೆ ಪರೀಕ್ಷಿಸಿದ ತಾರೀಖಿನ ಚೀಟಿ ಅಂಟಿಸಿರುತ್ತಾರೆ. ಅವಧಿ ದಾಟಿದ ಗೇಜ್ ಏನು ತೋರಿಸಿದರೂ ನಂಬುವಂತಿಲ್ಲ. ಚೀಟಿ ನೋಡದೆ ಅಳತೆ ಬರೆದವರನ್ನು ಶಿವರಾಯ ಎಲ್ಲರ ಎದುರಿಗೆ ನಿಲ್ಲಿಸಿ ಬೈಯುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಅವನೇ ಅದನ್ನು ಮರೆತ.

2018ರ ಪಂಚಮಿ ಆಗಸ್ಟ್ ಹದಿನೈದಕ್ಕೇ ಬಂದಿತ್ತು. ಕಾರ್ಖಾನೆಗೆ ರಜೆ. ಪಂಚಮಿಗೆ ಅಕ್ಕನಿಗೆ ಸೀರೆ ಒಯ್ಯುವ ತಮ್ಮ ಆ ವರ್ಷ ನಾಡಿ ಎಣಿಸುವ ಒಂದು ಸ್ಮಾರ್ಟ್‌ವಾಚು, ಜೊತೆಗೊಂದು ಟ್ಯಾಬು ಒಯ್ದ. ವಾಚಿನ ಮೇಲಿನ ಅಂಕಿ ಅಕ್ಕನ ಕಣ್ಣಿಗೆ ಇರುವೆ ಸಾಲಿನಂತೆ ಕಾಣುತ್ತಿತ್ತು, ಟ್ಯಾಬಿನಲ್ಲಾದರೆ ಅಕ್ಷರ ದೊಡ್ಡದು. ವಾಚಿನಲ್ಲಿ ಬರೆದದ್ದು ಹತ್ತಿರವಿಟ್ಟ ಟ್ಯಾಬಿಗೆ ಹೋಗುತ್ತದೆ, ಟ್ಯಾಬಿನಿಂದ ನೆಟ್ಟಿನ ಮೇಲೆ ನಾಸಿಕದ ತನ್ನ ಫೋನಿಗೆ ಬರುತ್ತದೆ ಎಂದು ಶಿವರಾಯ ಹೆಮ್ಮೆಯಿಂದ ವಿವರಿಸಿದ.

ಸಾಯಬಣ್ಣನಿಗೆ ಇದು ರುಚಿಸಲಿಲ್ಲ. "ಗಡಿಯಾರಾನೇ ನಾಡಿ ನೋಡ್ತದಂದ್ರ ಡಾಕ್ಟರ್ ಮನೀಗಿ ಹೋಗಬೇಕೇನು ಹಂಗಾರ?" ಎಂದು ನಕ್ಕ. ಶಿವರಾಯ ಅವಸರದಲ್ಲಿದ್ದ. ಸಂಜೆಯ ಬಸ್ಸು ಹಿಡಿಯಬೇಕಿತ್ತು. ಅಕ್ಕನ ಕೈಗೆ ವಾಚು ಕಟ್ಟಿದ, ಟ್ಯಾಬಿನಲ್ಲಿ ತಾನೇ ಎಲ್ಲ ಒತ್ತಿದ, ತಿರುಗಿಸಿದ, ತೋರಿಸಿದ. ನಾಡಿ ಎಪ್ಪತ್ತೆರಡು ಎಂದು ಬಂತು. ಅಕ್ಕ ಕೈಮುಗಿದು ಕೂತಂತೆ ಕೂತು ನೋಡಿದಳು. ಅವಳ ಬೆರಳು ಟ್ಯಾಬಿಗೆ ಒಮ್ಮೆಯೂ ತಾಗಲಿಲ್ಲ.

ಬಸ್ ನಿಲ್ದಾಣದಿಂದ ಅವನು ಫೋನು ಮಾಡಿದ. ಸುತ್ತ ಗದ್ದಲ. ವಾಚಿಗೆ ನೀರು ಬಿದ್ದರೆ ಏನೂ ಆಗುವುದಿಲ್ಲ, ಹೆದರಬೇಡ ಎಂದ. ಆಮೇಲೆ, "ದಿನಾ ಸಿಂಕ್ ಮಾಡು ಅಕ್ಕಾ, ಒಂದಿನಾನೂ ಬಿಡಬ್ಯಾಡ" ಎಂದ. ಅಷ್ಟರಲ್ಲಿ ಬಸ್ಸು ಬಂತು.

ಆ ಮೇಲೆ ಏಳು ವಾರ ತಮ್ಮ ದಿನಾ ಕೇಳುತ್ತಿದ್ದ, ಅಕ್ಕ ದಿನಾ ಹೇಳುತ್ತಿದ್ದಳು. ಸಿಂಕ್ ಮಾಡಿದೆಯಾ ಎಂದರೆ, ಭಾಂಡೆ ತೊಳೆದ ಕೂಡಲೇ ಮೊದಲು ಅದೇ ಕೆಲಸ ಎನ್ನುವಳು. ಎಷ್ಟು ಶಿಸ್ತಿನ ಅಕ್ಕ ಎಂದು ಶಿವರಾಯನಿಗೆ ಅಭಿಮಾನ. ಬೆಳಿಗ್ಗೆ ಚಹಾದ ಹೊತ್ತಿಗೆ ಫೋನು ತೆಗೆದು ನೋಡುವನು. ದೊಡ್ಡ ಹಸಿರು ಅಕ್ಷರದಲ್ಲಿ ಎಪ್ಪತ್ತೆರಡು. ಪಕ್ಕದವರಿಗೂ ತೋರಿಸುವನು. ಶೇಂದ್ರಾದಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಾಳೆ, ಇಲ್ಲಿ ಕೂತು ನಾನು ಅವಳ ನಾಡಿ ಹಿಡಿದಿದ್ದೇನೆ ಎನ್ನುವನು. ಹೊಟ್ಟೆ ತಣ್ಣಗಾಗುತ್ತಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಶನಿವಾರ ಸಂಗಮ್ಮ ತಾನಾಗಿ ಫೋನು ಮಾಡಿದಳು. ಅವಳು ಹಾಗೆಲ್ಲ ಮಾಡುವವಳಲ್ಲ.

"ನಿನ್ನಿ ಎರಡು ಸಲ ಕಣ್ಣಿಗಿ ಕತ್ತಲಿ ಬಂತು ತಮ್ಮಾ. ಎದಿ ಒಂದೇ ಸವನ ಡಬಡಬ ಅಂತದ. ಸೋಮವಾರ ದವಾಖಾನಿಗಿ ಹೋಗಿ ಬರ್ಲೇನು?"

ಶಿವರಾಯ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಹಸಿರು ಅಂಕಿ ನಿಂತಲ್ಲೇ ನಿಂತಿತ್ತು.

"ನಾ ಈಗರೆ ನೋಡೀನಿ ಅಕ್ಕಾ, ಎಪ್ಪತ್ತೆರಡೇ ಅದ. ನಿಂಗೇನೂ ಆಗಿಲ್ಲ. ಸುಮ್ಮ ಅಂಜಬ್ಯಾಡ."

ತಮ್ಮ ಓದಿದವನು, ಅಳತೆ ಬಲ್ಲವನು. ಅವನು ಹೇಳಿದ ಮೇಲೆ ಮುಗಿಯಿತು. ಸಂಗಮ್ಮ ಸೋಮವಾರ ದವಾಖಾನೆಗೆ ಹೋಗಲಿಲ್ಲ. ಬುಧವಾರ ಮಧ್ಯಾಹ್ನ, ಊಟದವರು ಕೂತಿದ್ದಾಗಲೇ, ಒಲೆಯ ಮುಂದೆ ವಾಲಿ ಬಿದ್ದಳು. ಎತ್ತಿ ಕೂರಿಸಿದರೆ ಬಲಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವಾ ಹೊಡೆದಿತ್ತು.

ಊಟದವರಲ್ಲಿ ಅನಸೂಯ ಇದ್ದದ್ದು ಪುಣ್ಯ. ಆಕೆ ಆಳಂದ ಕಡೆಯವಳು, ಶೇಂದ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ವಾರಕ್ಕೆ ನಾಲ್ಕು ದಿನ ಸಂಗಮ್ಮನ ಕೈಯೂಟ. ಒಂದು ಕ್ಷಣ ತಡಮಾಡದೆ ಗಾಡಿ ಕರೆಸಿ ದೊಡ್ಡ ಆಸ್ಪತ್ರೆಗೆ ಸಾಗಿಸಿದಳು. ಜೀವ ಉಳಿಯಿತು.

ಶಿವರಾಯ ನಾಸಿಕದಿಂದ ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಎದೆ ತಾಳ ತಪ್ಪಿ ಬಡಿದು, ರಕ್ತ ಗಟ್ಟಿಯಾಗಿ ಮಿದುಳಿಗೆ ಹೋಗಿದೆ, ಮೊದಲೇನಾದರೂ ಸೂಚನೆ ಇತ್ತೇ ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು. ಶಿವರಾಯ ಥಟ್ಟನೆ ಫೋನು ಮುಂದೆ ಹಿಡಿದ. ಏನೂ ಇರಲಿಲ್ಲ ಸಾಹೇಬರೇ, ದಿನಾ ನೋಡಿದ್ದೇನೆ, ನಿನ್ನೆಯೂ ಎಪ್ಪತ್ತೆರಡು, ಇವತ್ತು ಬೆಳಿಗ್ಗೆಯೂ ಎಪ್ಪತ್ತೆರಡು. ಹೇಳುತ್ತ ಹೇಳುತ್ತ ಅವನ ದನಿಯೇ ಸಣ್ಣದಾಯಿತು. ಬಿದ್ದು ಮಲಗಿದ ಅಕ್ಕನ ನಾಡಿ ಫೋನಿನಲ್ಲಿ ಈಗಲೂ ಎಪ್ಪತ್ತೆರಡೇ ಇತ್ತು.

ಅನಸೂಯ ಫೋನು ತೆಗೆದುಕೊಂಡಳು. ಅಂಕಿಯ ಮೇಲಲ್ಲ, ಅದರ ಕೆಳಗೆ ಬೆರಳಿಟ್ಟಳು.

"ಅಣ್ಣಾರ, ಇಲ್ಲಿ ಸಣ್ಣ ಅಕ್ಷರದಾಗ ಏನದ ಓದ್ರಿ."

ಕೊನೆಯದಾಗಿ ಬಂದದ್ದು: 15 ಆಗಸ್ಟ್. ಶಿವರಾಯ ಅದನ್ನು ಎರಡು ಸಲ ಓದಿದ. ಅದು ಅವನು ತಾನೇ ಕೂತು ಒತ್ತಿದ ದಿನ. ಏಳು ವಾರದಿಂದ ಪಂಚಮಿಯ ನಾಡಿಯನ್ನೇ ಅವನು ದಿನಾ ಬೆಳಿಗ್ಗೆ ನೋಡಿ ಸಮಾಧಾನ ಪಟ್ಟಿದ್ದ. ಅಕ್ಕ ಬಾಯಿಬಿಟ್ಟು ಎದೆ ಬಡಿಯುತ್ತಿದೆ ಎಂದಾಗ ಅವಳ ಮಾತು ಬಿಟ್ಟು ಈ ಹಳಸಿದ ಅಂಕಿಯನ್ನು ನಂಬಿದ್ದ.

ಟ್ಯಾಬು ಎಲ್ಲಿ ಎಂದು ಅನಸೂಯ ಕೇಳಿದಳು. ಸಾಯಬಣ್ಣ ಮನೆಗೆ ಹೋಗಿ ಕಪಾಟಿನಿಂದ ತಂದುಕೊಟ್ಟ. ತಮ್ಮ ತಂದದ್ದಕ್ಕೆ ಜೋಳದ ಹಿಟ್ಟು ಕೂರಬಾರದೆಂದು ಸಂಗಮ್ಮ ಅದನ್ನು ತನ್ನ ಇಳಕಲ್ ಸೀರೆಯಲ್ಲಿ ಸುತ್ತಿ ಬೀಗ ಹಾಕಿಟ್ಟಿದ್ದಳು. ವಾಚಿಗೆ ಮಾತ್ರ ತಪ್ಪದೆ ಚಾರ್ಜು ಹಾಕುತ್ತಿದ್ದಳು, ಟ್ಯಾಬಿನ ಚಾರ್ಜು ಮುಗಿದು ಎಷ್ಟು ದಿನವಾಗಿತ್ತೋ.

"ಮತ್ತ ದಿನಾ ಸಿಂಕ್ ಮಾಡ್ತಿದ್ದಳಲ್ಲ ಬಾವಾ?" ಎಂದು ಶಿವರಾಯ ಕೇಳಿದ.

"ತಪ್ಪದೇ ಮಾಡ್ಯಾಳ. ಭಾಂಡಿ ಆದಮ್ಯಾಲ ಸಿಂಕಿನ್ಯಾಗ ಹಿಡದು, ಸಾಬಣ ಹಚ್ಚಿ ತೊಳದು, ವರಸಿ ಮತ್ತ ಕಟ್ಕೋತಿದ್ಳು. ಜ್ವರ ಬಂದಾಗೂ ಬಿಟ್ಟಿಲ್ಲ."

ಯಾರೂ ನಗಲಿಲ್ಲ. ನೀರು ಬಿದ್ದರೆ ಏನೂ ಆಗದು ಎಂದವನು ಅವನೇ, ಆ ಉಸಿರಿನಲ್ಲೇ ದಿನಾ ಸಿಂಕ್ ಮಾಡು ಎಂದವನೂ ಅವನೇ. ವಾಚಿನದನ್ನು ಟ್ಯಾಬಿಗೆ ದಾಟಿಸು ಎಂದು ಅವನ ಅರ್ಥ, ಅವಳಿಗೆ ಗೊತ್ತಿದ್ದ ಸಿಂಕು ಒಂದೇ, ಭಾಂಡೆ ತೊಳೆಯುವ ತೊಟ್ಟಿ. ಹಿಟ್ಟಿನ ಕೈಗೆ ಕಟ್ಟಿದ ವಾಚನ್ನು ದಿನಾ ತೊಳೆ ಎಂದರೆ ಅದರಲ್ಲಿ ವಿಚಿತ್ರವೇನಿದೆ? ಸಂಗಮ್ಮ ಮಂಚದ ಮೇಲಿಂದ ಇದನ್ನೆಲ್ಲ ಕೇಳುತ್ತಿದ್ದಳು. ತನ್ನಿಂದೇನೋ ತಪ್ಪಾಗಿದೆ ಎಂದು ಅವಳಿಗೆ ಅನಿಸಿರಬೇಕು. ತೊದಲುತ್ತ, ಒಂದೊಂದೇ ಮಾತು ಹೊರಗೆ ತಂದಳು.

"ದಿನಾ... ತೊಳದೀನಿ ತಮ್ಮಾ. ಬಿಟ್ಟಿಲ್ಲ."

ಶಿವರಾಯ ಅವಳ ಎಡಗೈ ಹಿಡಿದು ಅತ್ತ. ತಪ್ಪು ನಿನ್ನದಲ್ಲ ಅಕ್ಕಾ, ನನ್ನದು ಎಂದ. ಅದನ್ನು ಎಷ್ಟು ಸಲ ಹೇಳಿದರೂ ಅವನಿಗೆ ಸಾಲಲಿಲ್ಲ.

ಅನಸೂಯ ಟ್ಯಾಬಿಗೆ ಚಾರ್ಜು ಹಾಕಿ, ವಾಚನ್ನು ಪಕ್ಕದಲ್ಲಿಟ್ಟು, ಬ್ಲೂಟೂತ್ ಹಚ್ಚಿ ಆ್ಯಪ್ ತೆರೆದಳು. ನೀಲಿ ಬಳೆಯೊಂದು ತಿರುಗಿತು. ಕೊನೆಯ ಏಳು ದಿನದ ನಾಡಿ ಬಂದು ನಿಂತಿತು. ಮೂರು ಮಧ್ಯಾಹ್ನ, ಸುಮ್ಮನೆ ಕೂತಾಗ, ನೂರಾ ನಲವತ್ತು ದಾಟಿತ್ತು. ಸಂಗಮ್ಮ ತಮ್ಮನಿಗೆ ಫೋನು ಮಾಡಿದ್ದರ ಹಿಂದಿನ ದಿನವೂ ಅದರಲ್ಲಿತ್ತು. ಅದಕ್ಕೂ ಮೊದಲಿನ ದಿನಗಳೆಲ್ಲ ಖಾಲಿ. ಆ ವಾಚು ಏಳು ದಿನದ್ದು ಮಾತ್ರ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿತ್ತು, ಟ್ಯಾಬಿಗೆ ದಾಟಿಸದಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿತ್ತು. ಮೊದಲೇ ನೋಡಿದ್ದರೆ ಇದು ತಪ್ಪುತ್ತಿತ್ತೇ ಎಂದು ಶಿವರಾಯ ಡಾಕ್ಟರನ್ನು ಕೇಳಿದ. ವಾಚು ರೋಗ ಹೇಳುವುದಿಲ್ಲ, ಆದರೆ ಇದನ್ನು ಕಂಡಿದ್ದರೆ ಎದೆಯ ಪೂರಾ ಪರೀಕ್ಷೆ ಮಾಡಿಸುತ್ತಿದ್ದೆವು, ಔಷಧಿ ಶುರುವಾಗುತ್ತಿತ್ತು, ತಪ್ಪುತ್ತಿತ್ತೋ ಇಲ್ಲವೋ ಹೇಳಲಾರೆ ಎಂದರು. ಹೇಳಲಾರೆ ಎಂಬ ಆ ಮಾತು ಶಿವರಾಯನ ಎದೆಯಲ್ಲಿ ಇವತ್ತಿಗೂ ಮುಳ್ಳಿನಂತೆ ಉಳಿದಿದೆ.

ಸಂಗಮ್ಮ ಮನೆಗೆ ಬಂದ ದಿನ ಸಾಯಬಣ್ಣ ವಾಚನ್ನು ಶಿವರಾಯನ ಮುಂದೆ ಇಟ್ಟ. "ಇದನ ನಂಬಿ ನನ್ನ ಹೇಣ್ತಿ ಕೈ ಹೋತು. ಒಯ್ಯಿ ಇದನ" ಎಂದ. ಗುಳಿಗೆ ಕೊಡಲು ಬಂದಿದ್ದ ಅನಸೂಯ ಹೇಳಿದಳು.

"ವಾಚು ಸುಳ್ಳ ಹೇಳಿಲ್ರಿ ಕಾಕಾ. ಪಾಪ, ಅದು ಏಳು ವಾರ ಬರಕೋತ ಕುಂತಿತ್ತು. ಓದವರೇ ಇರಲಿಲ್ಲ. ಇನ್ನ ಮ್ಯಾಲ ಎದಿ ಹ್ಯಾಂಗ ಬಡೀಲಾಕ ಹತ್ಯಾದ ಅಂತ ಡಾಕ್ಟರಿಗೂ ಗೊತ್ತಾಗಬೇಕಲ್ಲ?"

ಸಾಯಬಣ್ಣ ವಾಚನ್ನು ಮತ್ತೆ ಕೈಗೆ ತೆಗೆದುಕೊಂಡ. ಆಮೇಲೆ, ಹಾಗಾದರೆ ನನಗೂ ಹೇಳಿಕೊಡು ಎಂದ. ಶಿವರಾಯ ಟ್ಯಾಬು ಎತ್ತಿಕೊಳ್ಳಲು ಹೋದಾಗ ಅನಸೂಯ ಅವನ ಕೈ ತಡೆದಳು. ನೀವು ಮುಟ್ಟಬೇಡಿ, ನಿಮ್ಮ ಅಕ್ಕನೇ ಮಾಡಲಿ, ಕಾಕಾ ನೋಡಿ ಕಲಿಯಲಿ ಎಂದಳು.

ಸಂಗಮ್ಮ ಎಡಗೈಯಿಂದ ಮಾಡಿದಳು. ವಾಚನ್ನೂ ಟ್ಯಾಬನ್ನೂ ಒಂದೇ ಚಾಪೆಯ ಮೇಲೆ ಪಕ್ಕ ಪಕ್ಕ ಇಟ್ಟಳು. ಬ್ಲೂಟೂತಿನ ಗುರುತು ನೀಲಿಯಾಗಿದೆಯೇ ನೋಡಿದಳು. ಆ್ಯಪ್ ತೆರೆದು, ಬೆರಳಿನಿಂದ ಕೆಳಗೆ ಎಳೆದು ಬಿಟ್ಟಳು. ಬಳೆ ತಿರುಗಿ ನಿಂತ ಮೇಲೆ ಮೊದಲು ತಾರೀಖು ಓದಿದಳು, ಆಮೇಲೆ ಅಂಕಿ. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಬಂತು. ಸಿಂಕ್ ಎಂಬ ಮಾತನ್ನೇ ಅವರು ಮನೆಯಿಂದ ಹೊರಗೆ ಹಾಕಿದರು. ವಾಚಿನದು ಟ್ಯಾಬಿಗೆ ಮುಟ್ಟಬೇಕು, ಹಾಗಾಗಿ ಅದಕ್ಕೆ ಮುಟ್ಟಿಸೋದು ಎಂದು ಹೆಸರಿಟ್ಟರು. ಪಂಚಮಿಯ ದಿನ ಇದೇ ಅರ್ಧ ತಾಸು ತಾನು ಕೂತಿದ್ದರೆ, ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗಿದ್ದರೆ ಎಂದು ಶಿವರಾಯ ಗೋಡೆಗೆ ಒರಗಿ ಯೋಚಿಸುತ್ತಿದ್ದ.

ಈಗ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವನು ಸಾಯಬಣ್ಣ. ಅಂಚು ಒಡೆಯುತ್ತವೆ, ಊಟದವರು ಏನೂ ಅನ್ನುವುದಿಲ್ಲ. ಸಂಗಮ್ಮ ಪಕ್ಕದಲ್ಲಿ ಕೂತು ಬಲಗೈಯಲ್ಲಿ ಸಣ್ಣ ಹಿಟ್ಟಿನ ಉಂಡೆ ಹಿಡಿದು ಒತ್ತುವುದನ್ನು ಕಲಿಯುತ್ತಿದ್ದಾಳೆ. ದಿನಾ ಸಂಜೆ ನಾಸಿಕದಿಂದ ಫೋನು ಬರುತ್ತದೆ.

"ಮುಟ್ಯಾದೇನು ಅಕ್ಕಾ?"

"ಮುಟ್ಯಾದ. ಇವತ್ತಿಂದೇ ತಾರೀಖದ."

"ಅದಿರಲಿ. ನಿಂಗ ಹ್ಯಾಂಗ ಅನಸ್ತದ ಹೇಳು."

ಆಮೇಲೆ ಶಿವರಾಯ ಬಾಯಿ ಮುಚ್ಚಿಕೊಂಡು ಕೇಳುತ್ತಾನೆ. ಅಕ್ಕನ ಮಾತು ಈಗ ನಿಧಾನ, ಒಂದು ವಾಕ್ಯಕ್ಕೆ ಹೊತ್ತು ಹಿಡಿಯುತ್ತದೆ. ಅವನು ಅವಸರ ಮಾಡುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಿಗೋ ಇಂಥ ವಾಚು ಕೊಡಿಸಿರಬಹುದು. ಈಗಲೇ ಎದ್ದು ಹೋಗಿ ಅದರ ಅಂಕಿಯ ಕೆಳಗಿನ ತಾರೀಖು ನೋಡಿ. ಇವತ್ತಿನದಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ. ಟ್ಯಾಬನ್ನು ಕಪಾಟಿನಲ್ಲಿ ಇಡಬೇಡಿ, ವಾಚಿನ ಹತ್ತಿರ ಇಡಿ, ದಿನಕ್ಕೊಮ್ಮೆ ಮುಟ್ಟಿಸಿ. ಕಲಿಸುವಾಗ ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಬೇಡಿ, ಎದುರಿಗೆ ಕೂತು ಅವರ ಬೆರಳಿನಿಂದಲೇ ಮಾಡಿಸಿ. ಮತ್ತು ನಿಮ್ಮವರು ಎದೆ ಬಡಿಯುತ್ತಿದೆ, ಕಣ್ಣಿಗೆ ಕತ್ತಲೆ ಬರುತ್ತಿದೆ ಎಂದರೆ ಯಾವ ಅಂಕಿಯನ್ನೂ ನೋಡುತ್ತ ಕೂರಬೇಡಿ, ಕೂಡಲೇ ದವಾಖಾನೆಗೆ ಕರೆದುಕೊಂಡು ಹೋಗಿ. ಆ ಶನಿವಾರ ಸಂಗಮ್ಮ ಕೇಳಿದ್ದು, ಹೋಗಿ ಬರಲೇನು ಎಂದಷ್ಟೇ. ಹೂಂ ಎನ್ನಬೇಕಿತ್ತು.